ಮೂರು ಬಾಣಲೆ ರಿಪೇರಿ: ನಾನ್‌ಸ್ಟಿಕ್, ಬೀಡು ಕಬ್ಬಿಣ, ಸ್ಟೀಲ್

ಮೇಜಿನ ಮೇಲೆ ಮೂರು ಬಾಣಲೆಗಳಿವೆ. ಒಂದು ನಾನ್‌ಸ್ಟಿಕ್. ನಡುವೆ ಗೀರು ಬಿದ್ದು, ಮೊಟ್ಟೆ ಅಂಟಿಕೊಳ್ಳಲು ಶುರುವಾಗಿದೆ. ಇನ್ನೊಂದು ಬೀಡು ಕಬ್ಬಿಣದ್ದು, ಅಂದರೆ ಕಾಸ್ಟ್ ಐರನ್. ಅಟ್ಟದ ಮೂಲೆಯಲ್ಲಿ ಕೂತು ಪೂರ್ತಿ ತುಕ್ಕು ಹಿಡಿದಿದೆ. ಮೂರನೆಯದು ಸ್ಟೇನ್‌ಲೆಸ್ ಸ್ಟೀಲ್. ಹೊರಗಡೆ ಜಿಡ್ಡು ಸುಟ್ಟು ಕಂದು ಬಣ್ಣಕ್ಕೆ ತಿರುಗಿದೆ, ಒಳಗಡೆ ನೀಲಿ ಹಳದಿ ಕಲೆಗಳು. ಹೊಸದು ತರುವ ಮುಂಚೆ ಈ ಮೂರನ್ನೂ ಎಷ್ಟರ ಮಟ್ಟಿಗೆ ಸರಿಮಾಡಬಹುದು ಅಂತ ನೋಡುವುದು ಈ ಕೆಲಸ. ಮಾಡುತ್ತಾ ಬರೆದುಕೊಂಡದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ನಾನ್‌ಸ್ಟಿಕ್ ಒಳ್ಳೆಯದಾ, ಕಬ್ಬಿಣ ಒಳ್ಳೆಯದಾ ಅಂತ ಕೇಳುವವರು ಬಹಳ ಜನ. ನಾನು ಅದನ್ನು ಸ್ವಲ್ಪ ಬೇರೆ ಥರ ಕೇಳುತ್ತೇನೆ. ಆಹಾರ ಅಂಟದ ಹಾಗೆ ನೋಡಿಕೊಳ್ಳುವುದು ಲೋಹದ ಮೇಲೆ ಕೂತಿರುವ ಒಂದು ತೆಳು ಪದರ. ನಾನ್‌ಸ್ಟಿಕ್‌ನಲ್ಲಿ ಆ ಪದರವನ್ನು ಕಾರ್ಖಾನೆ ಹಾಕುತ್ತದೆ. ಕಬ್ಬಿಣದಲ್ಲಿ ಎಣ್ಣೆ ಕಾಯಿಸಿ ನಾವೇ ಹಾಕುತ್ತೇವೆ. ಸ್ಟೀಲ್‌ನಲ್ಲಿ ಪ್ರತಿ ಅಡುಗೆಗೂ ಬಿಸಿ ಮತ್ತು ಎಣ್ಣೆ ಸೇರಿ ಅಷ್ಟೊತ್ತಿಗೆ ಬೇಕಾದಷ್ಟು ಪದರ ಆಗುತ್ತದೆ. ಹಾಗಾದರೆ ಪದರ ಹೋದ ಮೇಲೆ ಅದನ್ನು ಮನೆಯಲ್ಲೇ ಮತ್ತೆ ಹಾಕಲು ಆಗುತ್ತಾ? ಬಾಣಲೆ ಆರಿಸುವಾಗ ನನಗೆ ಇದೇ ಮೊದಲ ಪ್ರಶ್ನೆ.

ನಾನ್‌ಸ್ಟಿಕ್: ಮೊದಲು ತಪಾಸಣೆ

ಬಾಣಲೆ ಬೋರಲು ಹಾಕಿ, ತಳದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟೆ. ಸ್ಕೇಲ್‌ನ ಕೆಳಗೆ ನಟ್ಟನಡುವೆ ಬೆಳಕು ತೂರಿ ಬಂತು. ಅಂದರೆ ತಳ ಒಳಕ್ಕೆ ಬಾಗಿದೆ. ಒಳಗಿನಿಂದ ನೋಡಿದರೆ ನಡು ಸ್ವಲ್ಪ ಉಬ್ಬಿದೆ. ಇಂಥ ಬಾಣಲೆಗೆ ಎಷ್ಟು ಎಣ್ಣೆ ಹಾಕಿದರೂ ಅಂಚಿಗೆ ಹರಿದು ಹೋಗುತ್ತದೆ, ನಡು ಒಣಗಿಯೇ ಕಾಯುತ್ತದೆ. ತೆಳು ಅಲ್ಯೂಮಿನಿಯಂ ಬಾಣಲೆಯನ್ನು ಬಿಸಿ ಬಿಸಿ ಇರುವಾಗಲೇ ತಣ್ಣೀರಿಗೆ ಹಿಡಿದರೆ ಹೀಗೆ ಬಾಗುವುದು ಸಾಮಾನ್ಯ. ತೊಳೆಯುವ ಮುಂಚೆ ಆರಲು ಬಿಡಬೇಕು ಅಂತ ಹೇಳುವುದು ಇದಕ್ಕೇ.

ಆಮೇಲೆ ಮೇಲ್ಮೈ. ನಾನ್‌ಸ್ಟಿಕ್ ಅಂಟಲು ಎರಡು ಬೇರೆ ಬೇರೆ ಕಾರಣಗಳಿರುತ್ತವೆ, ಎರಡನ್ನೂ ಒಂದೇ ಅಂದುಕೊಂಡು ಒಳ್ಳೆಯ ಬಾಣಲೆ ಬಿಸಾಡುವವರಿದ್ದಾರೆ. ಒಂದು, ಲೇಪದ ಮೇಲೆ ಸುಟ್ಟ ಎಣ್ಣೆಯ ಕಂದು ಪದರ ಕೂತಿರುವುದು. ಸ್ಪ್ರೇ ಡಬ್ಬಿಯ ಎಣ್ಣೆ ಬಳಸುವವರಿಗೆ ಇದು ಜಾಸ್ತಿ. ಅದರಲ್ಲಿ ಬೆರೆಸಿರುವ ಲೆಸಿಥಿನ್ ಎಂಬ ಕೊಬ್ಬಿನಂಥ ವಸ್ತು ಬೇಗ ಸುಟ್ಟು ಅಂಟಾಗುತ್ತದೆ. ಇನ್ನೊಂದು, ಲೇಪವೇ ಕಿತ್ತು ಹೋಗಿರುವುದು. ಮೊದಲನೆಯದಕ್ಕೆ ಮದ್ದಿದೆ. ಎರಡನೆಯದಕ್ಕಿಲ್ಲ.

ಮದ್ದು ಸುಲಭ. ಬಾಣಲೆಗೆ ನೀರು ತುಂಬಿ, ಎರಡು ಚಮಚ ಅಡುಗೆ ಸೋಡಾ ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದೆ. ಆರಿದ ಮೇಲೆ ಮೆತ್ತನೆಯ ಸ್ಪಂಜಿನಿಂದ ಒರೆಸಿದಾಗ ಅಂಚಿನ ಸುತ್ತ ಇದ್ದ ಕಂದು ಬಣ್ಣ ಬಿಟ್ಟು ಬಂತು. ಅಲ್ಲಿ ನೀರಿನ ಹನಿ ಮತ್ತೆ ಮಣಿಯಂತೆ ನಿಲ್ಲತೊಡಗಿತು. ನಡುವೆ ಮಾತ್ರ ಹನಿ ಚಪ್ಪಟೆಯಾಗಿ ಹರಡಿತು. ಟಾರ್ಚ್ ಅಡ್ಡ ಹಿಡಿದು ನೋಡಿದರೆ ಗೀರಿನ ತಳದಲ್ಲಿ ಬೆಳ್ಳಗೆ ಅಲ್ಯೂಮಿನಿಯಂ ಮಿನುಗುತ್ತಿದೆ. ಉಗುರು ತಾಗಿಸಿದರೆ ಗೀರಿನ ಅಂಚಿನಲ್ಲಿ ಲೇಪ ಚೂರು ಎದ್ದುಕೊಂಡಿದೆ. ಒಮ್ಮೆ ಅಂಚು ಎದ್ದಿತೆಂದರೆ ನೀರು, ಉಪ್ಪು ಅದರ ಅಡಿಗೆ ಹೋಗಿ ಇನ್ನಷ್ಟು ಕೀಳುತ್ತವೆ.

ಈ ಲೇಪ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್. ಟೆಫ್ಲಾನ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬಳಸುವ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ಸಿಲಿಂಡರ್‌ನಿಂದ ಅನಿಲ ಬರುವುದು ನಿಂತಿತು, ತೂಕ ಮಾತ್ರ ಹಾಗೇ ಇತ್ತು. ಗರಗಸದಿಂದ ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ. ಯಾವುದಕ್ಕೂ ಅಂಟದ ವಸ್ತುವನ್ನು ಬಾಣಲೆಗೆ ಅಂಟಿಸುವುದೇ ಕಷ್ಟದ ಕೆಲಸ, ಅಲ್ವಾ? 1954ರಲ್ಲಿ ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಅಲ್ಯೂಮಿನಿಯಂ ಅನ್ನು ಆಮ್ಲದಿಂದ ತರಕಲು ಮಾಡಿ, ಆ ಸಣ್ಣ ಗುಳಿಗಳಲ್ಲಿ ಲೇಪ ಕಚ್ಚಿಕೊಳ್ಳುವಂತೆ ಮಾಡಿದರು. 1956ರಲ್ಲಿ ಟೆಫಾಲ್ ಕಂಪನಿ ಶುರುವಾಯಿತು. ಇವತ್ತಿಗೂ ವಿಧಾನ ಸುಮಾರಾಗಿ ಅದೇ ದಾರಿಯದು. ಲೋಹವನ್ನು ಒರಟು ಮಾಡಿ, ಲೇಪ ಸಿಂಪಡಿಸಿ, ಪಿಟಿಎಫ್‌ಇ ಕರಗುವ 327 ಡಿಗ್ರಿಗಿಂತಲೂ ಮೇಲಿನ ಬಿಸಿಯಲ್ಲಿ ಕುಲುಮೆಯಲ್ಲಿ ಬೇಯಿಸುತ್ತಾರೆ. (ಇಲ್ಲಿ ಬರುವ ಡಿಗ್ರಿಗಳೆಲ್ಲ ಸೆಲ್ಸಿಯಸ್.) ಮನೆಯ ಒಲೆಯಲ್ಲಿ, ಡಬ್ಬಿಯ ಸ್ಪ್ರೇಯಲ್ಲಿ ಇದು ಆಗುವ ಮಾತಲ್ಲ.

ಕಿತ್ತ ಚೂರು ಹೊಟ್ಟೆಗೆ ಹೋದರೆ ಏನು ಅನ್ನುವ ಭಯ ಎಲ್ಲರಿಗೂ ಇದೆ. ಪಿಟಿಎಫ್‌ಇ ಜೀರ್ಣವಾಗುವುದಿಲ್ಲ, ಬಂದ ಹಾಗೆ ಹೊರಗೆ ಹೋಗುತ್ತದೆ. ನಿಜವಾಗಿ ಹೆದರಬೇಕಾದದ್ದು ಬಿಸಿಗೆ. 260 ಡಿಗ್ರಿಯ ಸುತ್ತಮುತ್ತ ಲೇಪ ಹಾಳಾಗತೊಡಗುತ್ತದೆ. 350 ದಾಟಿದರೆ ವಿಷದ ಹೊಗೆ ಜೋರಾಗುತ್ತದೆ. ಅದನ್ನು ಉಸಿರಾಡಿದವರಿಗೆ ಫ್ಲೂ ಥರದ ಜ್ವರ, ಚಳಿ ಬರುತ್ತದೆ. ಪಂಜರದ ಹಕ್ಕಿಗಳು ಇದೇ ಹೊಗೆಗೆ ಸತ್ತುಹೋಗುತ್ತವೆ. ಅವುಗಳ ಶ್ವಾಸಕೋಶ ಅಷ್ಟು ನಾಜೂಕು. ಖಾಲಿ ನಾನ್‌ಸ್ಟಿಕ್ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಇಟ್ಟರೆ ಕೆಲವೇ ನಿಮಿಷಗಳಲ್ಲಿ 260 ದಾಟಬಹುದು. ಒಳಗೆ ಬೆಣ್ಣೆಯೋ ಎಣ್ಣೆಯೋ ಇದ್ದರೆ ಅದು ಮೊದಲೇ ಹೊಗೆಯಾಡಿ ಎಚ್ಚರಿಸುತ್ತದೆ. ಖಾಲಿ ಬಾಣಲೆಗೆ ಆ ಎಚ್ಚರಿಕೆ ಇಲ್ಲ.

"ಪಿಎಫ್‌ಒಎ ಇಲ್ಲ" ಎಂಬ ಚೀಟಿಯ ಬಗ್ಗೆಯೂ ಒಂದು ಮಾತು. ಪಿಎಫ್‌ಒಎ ಅನ್ನುವುದು ಲೇಪ ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕ. ಅದು ನೀರಿನಲ್ಲಿ, ಮನುಷ್ಯರ ರಕ್ತದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಮೆರಿಕದಲ್ಲಿ ದೊಡ್ಡ ಕಂಪನಿಗಳು 2006ರಲ್ಲಿ ಒಪ್ಪಿಕೊಂಡು 2015ರ ಹೊತ್ತಿಗೆ ಅದನ್ನು ಕೈಬಿಟ್ಟವು. ಬೇಗ ನಾಶವಾಗದ ವಿಷಕಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ 2019ರಲ್ಲಿ ಅದು ಸೇರಿತು. ಆದರೆ ಆ ಚೀಟಿ ಇದೆ ಅಂದ ಮಾತ್ರಕ್ಕೆ ಲೇಪ ಪಿಟಿಎಫ್‌ಇ ಅಲ್ಲ ಅಂತ ಅರ್ಥವಲ್ಲ. ಹೊಸ ಬಾಣಲೆಗೂ ಬಿಸಿಯ ಮಿತಿ ಹಳೆಯದರಷ್ಟೇ.

ತೀರ್ಪು: ಈ ಬಾಣಲೆಯನ್ನು ಅಡುಗೆಯಿಂದ ತೆಗೆದೆ. ಲೇಪವನ್ನೆಲ್ಲ ಡ್ರಿಲ್ ಬ್ರಷ್ ಹಾಕಿ ಕೆರೆದು ಬರೀ ಅಲ್ಯೂಮಿನಿಯಂ ಬಾಣಲೆ ಮಾಡಿಕೊಳ್ಳಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಆ ಪುಡಿ ಗಾಳಿಯಲ್ಲಿ ತೇಲಿ ಮೂಗಿಗೆ ಹೋಗುತ್ತದೆ. ಬ್ರಷ್‌ನ ತಿಕ್ಕಾಟಕ್ಕೆ ಬಿಸಿಯೂ ಏರುತ್ತದೆ. ಇಷ್ಟೆಲ್ಲ ಮಾಡಿ ಉಳಿಯುವುದು ತೆಳು, ಬಾಗಿದ ತಗಡು.

ಬೀಡು ಕಬ್ಬಿಣ: ತುಕ್ಕಿನಿಂದ ಶುರು

ಹೆಚ್ಚಿನ ಹೊತ್ತು ಹಿಡಿದದ್ದು ಇದೇ. ಖುಷಿ ಕೊಟ್ಟದ್ದೂ ಇದೇ.

ತುಕ್ಕು ಮುಟ್ಟುವ ಮುಂಚೆ ಬಿರುಕು ಹುಡುಕಬೇಕು. ಹಿಡಿಯಲ್ಲಿ ಎತ್ತಿ ಹಿಡಿದು ಮರದ ಸೌಟಿನಿಂದ ತಟ್ಟಿದೆ. ಗಂಟೆಯಂಥ ದನಿ ಎಳೆದುಕೊಂಡು ಹೋದರೆ ಸರಿ ಇದೆ. ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ, ಅಂಥದ್ದರ ಮೇಲೆ ಶ್ರಮ ಹಾಕುವುದು ವ್ಯರ್ಥ. ಇದು ಚೆನ್ನಾಗಿ ಮೊಳಗಿತು. ಇನ್ನೊಂದು ತಪಾಸಣೆ ಹಳೆಯ ಬಾಣಲೆಗಳಿಗೆ ಬಹಳ ಮುಖ್ಯ. ಹಿಂದೆ ಯಾರಾದರೂ ಅದರಲ್ಲಿ ಸೀಸ ಕರಗಿಸಿರಬಹುದು. ಮೀನಿನ ಗಾಳದ ಗುಂಡು ಎರಕ ಹೊಯ್ಯಲು ಹೀಗೆ ಬಳಸುವವರಿದ್ದರು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಬಾಣಲೆಯನ್ನು ಸೀಸದ ಪರೀಕ್ಷೆ ಮಾಡದೆ ಒಲೆಗೆ ಇಡಬಾರದು. ಸೀಸ ಇದ್ದರೆ ಯಾವ ಶುದ್ಧಿಯೂ ಸಾಲದು.

ಮೊದಲು ಒಣಗಿದ್ದಾಗಲೇ ಸ್ಟೀಲ್ ವೂಲ್, ಅಂದರೆ ಉಕ್ಕಿನ ನಾರಿನಿಂದ ಉಜ್ಜಿದೆ. ಸಡಿಲ ತುಕ್ಕು ಕೆಂಪು ಪುಡಿಯಾಗಿ ಉದುರಿತು. ಆ ಪುಡಿಗೆ ಮಾಸ್ಕ್ ಹಾಕಿಕೊಳ್ಳುವುದು ಒಳ್ಳೆಯದು. ಉಳಿದ ಗಟ್ಟಿ ತುಕ್ಕಿಗೆ ವಿನೆಗರ್. ಸಮ ಸಮ ನೀರು ಬೆರೆಸಿ ಟಬ್‌ನಲ್ಲಿ ಮುಳುಗಿಸಿದೆ. ಇಲ್ಲಿ ಮರೆತು ಬಿಟ್ಟು ಹೋಗುವಂತಿಲ್ಲ. ವಿನೆಗರ್ ಮೊದಲು ತುಕ್ಕನ್ನು ತಿನ್ನುತ್ತದೆ, ತುಕ್ಕು ಮುಗಿದ ಮೇಲೆ ಕಬ್ಬಿಣವನ್ನೇ ತಿನ್ನುತ್ತದೆ. ಅರ್ಧ ಗಂಟೆಗೊಮ್ಮೆ ತೆಗೆದು ಉಜ್ಜಿ ನೋಡಬೇಕು. ಕೆಂಪು ಹೋಗಿ ಮಾಸಲು ಬೂದು ಬಣ್ಣ ಕಂಡಲ್ಲಿಗೆ ನಿಲ್ಲಿಸಬೇಕು.

ಕೆಲವು ಕಡೆ ತುಕ್ಕಿನ ಬದಲು ಹಳೆಯ ಎಣ್ಣೆಯ ಕರಿ ಹೊಪ್ಪಳಿಕೆ ದಪ್ಪಗೆ ಕೂತಿರುತ್ತದೆ. ವಿನೆಗರ್ ಅದಕ್ಕೆ ಏನೂ ಮಾಡುವುದಿಲ್ಲ. ಅದಕ್ಕೆ ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಬೇಕು. ಕೈಗವಸು, ಕನ್ನಡಕ ಇಲ್ಲದೆ ಅದನ್ನು ಮುಟ್ಟಬೇಡಿ. ಅಲ್ಯೂಮಿನಿಯಂ ಪಾತ್ರೆಗೆ ತಪ್ಪಿಯೂ ತಾಗಿಸಬೇಡಿ, ಲೋಹವೇ ನೊರೆಯಾಡಿ ಕರಗುತ್ತದೆ. ಬ್ಯಾಟರಿ ಚಾರ್ಜರ್ ಬಳಸಿ ಎಲೆಕ್ಟ್ರಾಲಿಸಿಸ್ ಮಾಡುವ ದಾರಿಯೂ ಇದೆ. ವಾಷಿಂಗ್ ಸೋಡಾ ಬೆರೆಸಿದ ನೀರು, ಋಣ ತುದಿಗೆ ಬಾಣಲೆ, ಧನ ತುದಿಗೆ ಒಂದು ಹಾಳು ಕಬ್ಬಿಣದ ತುಂಡು. ತುಕ್ಕು, ಹೊಪ್ಪಳಿಕೆ ಎರಡೂ ಬಿಡುತ್ತವೆ. ಹೈಡ್ರೋಜನ್ ಬರುವುದರಿಂದ ಬಯಲಲ್ಲಿ ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ, ಹಾಗಾಗಿ ಅದು ಕೂಡದು. ಒಂದೇ ಬಾಣಲೆಗೆ ಇಷ್ಟು ಸಿದ್ಧತೆ ಬೇಡ ಅನ್ನಿಸಿತು, ವಿನೆಗರ್ ಸಾಕಾಯಿತು.

ಟಬ್‌ನಿಂದ ತೆಗೆದು, ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಬಟ್ಟೆಯಲ್ಲಿ ಒರೆಸಿದೆ. ಬೂದು ಬಣ್ಣದ ಬರೀ ಕಬ್ಬಿಣ. ಬಟ್ಟೆ ಕೆಳಗಿಡುವಷ್ಟರಲ್ಲಿ ನಡುವಿನಿಂದ ಕಿತ್ತಳೆ ಬಣ್ಣದ ತೆಳು ಮಬ್ಬು ಹರಡತೊಡಗಿತು. ಹೊಸ ತುಕ್ಕು. ಬರೀ ಕಬ್ಬಿಣಕ್ಕೆ ತೇವ ತಾಗಿದರೆ ಗಂಟೆಗಳು ಬೇಕಿಲ್ಲ, ನಿಮಿಷಗಳು ಸಾಕು. ತಕ್ಷಣ ಸಣ್ಣ ಉರಿಯ ಮೇಲಿಟ್ಟು ಪೂರ್ತಿ ಒಣಗಿಸಿ, ಎಣ್ಣೆ ಬಟ್ಟೆಯಿಂದ ಒರೆಸಿದೆ. ಮಬ್ಬೆಲ್ಲ ಬಟ್ಟೆಗೆ ಹತ್ತಿ ಬಂತು.

ಪಳಗಿಸುವುದು

ಇಲ್ಲಿ ಎಣ್ಣೆ ಸುಮ್ನೆ ಹಚ್ಚಿ ಬಿಡುವುದಲ್ಲ. ಎಣ್ಣೆ ಬಿಸಿಯಲ್ಲಿ ಗಾಳಿಯ ಜೊತೆ ಸೇರಿ, ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಅದಕ್ಕೇ ಎಣ್ಣೆಯ ಆಯ್ಕೆ ಮುಖ್ಯ. ಸೂರ್ಯಕಾಂತಿ, ಸೋಯಾ ಥರದ ಎಣ್ಣೆಗಳು ಚೆನ್ನಾಗಿ ಕೊಂಡಿ ಹಾಕುತ್ತವೆ. ತೆಂಗಿನೆಣ್ಣೆ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಸುಲಭವಾಗಿ ಕೊಂಡಿ ಹಾಕಿಕೊಳ್ಳದ ಥರದ್ದು, ಗಟ್ಟಿ ಪದರ ಕೊಡುವುದಿಲ್ಲ. ಅಗಸೆ ಎಣ್ಣೆ ನೋಡಲು ಗಾಜಿನಂತೆ ಹೊಳೆಯುತ್ತದೆ, ಆದರೆ ಪದರ ಪೆಡಸಾಗಿ ಹೊಪ್ಪಳಿಕೆಯಾಗಿ ಏಳುವುದು ಜಾಸ್ತಿ. ನಾನು ಸೂರ್ಯಕಾಂತಿ ಬಳಸಿದೆ.

ಬಾಣಲೆ ಬೆಚ್ಚಗೆ ಮಾಡಿ, ಒಳಗೆ, ಹೊರಗೆ, ಹಿಡಿಗೆ ಎಲ್ಲ ಕಡೆ ಎಣ್ಣೆ ಸವರಿದೆ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು ಎಣ್ಣೆಯನ್ನೆಲ್ಲ ಒರೆಸಿಬಿಟ್ಟೆ. ಹೊಳಪು ಹೋಗಿ, ಎಣ್ಣೆ ಇದೆಯೋ ಇಲ್ಲವೋ ಅನ್ನುವಷ್ಟು ಮಾತ್ರ ಉಳಿಯಬೇಕು. ಗೋಡೆಗೆ ಬಣ್ಣ ಬಳಿಯುವವರು ದಪ್ಪಗೆ ಒಂದೇ ಕೈ ಹಾಕದೆ ತೆಳ್ಳಗೆ ಹಲವು ಕೈ ಹಾಕುತ್ತಾರಲ್ಲ, ಇದೂ ಹಾಗೆಯೇ. ಎಣ್ಣೆ ದಪ್ಪ ಇದ್ದರೆ ಹನಿಗಟ್ಟಿ, ಬೆರಳಿಗೆ ಜಿಗುಟುವ ಕಲೆಗಳಾಗುತ್ತವೆ. ಅಂಥ ಕಲೆ ಬಿದ್ದರೆ ಮೇಲೆ ಇನ್ನೊಂದು ಕೈ ಎಣ್ಣೆ ಹಾಕಬೇಡಿ. ಎಣ್ಣೆ ಇಲ್ಲದೆ ಮತ್ತೊಮ್ಮೆ ಕಾಯಿಸಿದರೆ ಬಹುತೇಕ ಗಟ್ಟಿಯಾಗುತ್ತದೆ.

ಓವನ್‌ನಲ್ಲಿ ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಆಫ್ ಮಾಡಿ ಒಳಗೇ ಆರಲು ಬಿಟ್ಟೆ. ಮೊದಲ ಕೈಗೆ ಬಣ್ಣ ಜೇನಿನಂಥ ಕಂದು. ಹಲವು ಕೈ ಆಗುತ್ತಾ ಬಂದಂತೆ ಕಡು ಕಂದು, ಆಮೇಲೆ ಕಪ್ಪು. ಓವನ್ ಇಲ್ಲದವರು ಒಲೆಯ ಮೇಲೆಯೇ ಮಾಡಬಹುದು. ಮಧ್ಯಮ ಉರಿಯಲ್ಲಿ ಹೊಗೆ ಬಂದು ನಿಲ್ಲುವವರೆಗೆ ಬಾಣಲೆಯನ್ನು ಸರಿಸುತ್ತಾ ಕಾಯಿಸಬೇಕು. ಒಳಗಿನ ತಳಕ್ಕೆ ಅಷ್ಟು ಸಾಕು. ಕಿಟಕಿ ತೆರೆದಿರಲಿ, ಹೊಗೆ ಸಾಕಷ್ಟು ಬರುತ್ತದೆ.

ಮೊಟ್ಟೆ ಪರೀಕ್ಷೆಯಲ್ಲಿ ಅಂಚು ಸಲೀಸಾಗಿ ಬಿಟ್ಟಿತು, ನಡು ಹಿಡಿಯಿತು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದಾಗ ಕಾರಣ ಗೊತ್ತಾಯಿತು. ನಡು 220 ದಾಟಿದ್ದಾಗ ಅಂಚು 150ರ ಹತ್ತಿರ. ಬೀಡು ಕಬ್ಬಿಣ ಬಿಸಿಯನ್ನು ಸಮವಾಗಿ ಹರಡುತ್ತದೆ ಅನ್ನುವ ಮಾತು ಸರಿಯಲ್ಲ. ಅಲ್ಯೂಮಿನಿಯಂಗೆ ಹೋಲಿಸಿದರೆ ಅದು ಶಾಖ ಹರಿಸುವುದು ಸುಮಾರು ಕಾಲು ಭಾಗದಷ್ಟು ಮಾತ್ರ. ಹಿಡಿದಿಟ್ಟುಕೊಳ್ಳುವುದರಲ್ಲಿ ಅದು ಗಟ್ಟಿ, ಹರಡುವುದರಲ್ಲಿ ನಿಧಾನ. ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ನಡುನಡುವೆ ಬಾಣಲೆ ತಿರುಗಿಸಿದಾಗ ವ್ಯತ್ಯಾಸ ಕಡಿಮೆಯಾಯಿತು. ನಡು 160ರ ಆಸುಪಾಸು ಇದ್ದಾಗ ಎಣ್ಣೆ ಬಿಟ್ಟು ಮೊಟ್ಟೆ ಒಡೆದೆ. ಬಿಳಿ ಗಟ್ಟಿಯಾಗುವವರೆಗೆ ಮುಟ್ಟದೆ ಬಿಟ್ಟು, ಆಮೇಲೆ ಅಲ್ಲಾಡಿಸಿದರೆ ಇಡೀ ಮೊಟ್ಟೆ ಜಾರಿತು.

ಸೋಪು ಹಾಕಬಾರದು ಅನ್ನುವ ಹಳೇ ನಿಯಮಕ್ಕೆ ಈಗ ಹೆದರಬೇಕಿಲ್ಲ. ಪಾತ್ರೆ ತೊಳೆಯುವ ಮೆದು ಸೋಪು ಗಟ್ಟಿಯಾದ ಪದರವನ್ನು ಕರಗಿಸುವುದಿಲ್ಲ. ನೀರಿನಲ್ಲಿ ನೆನೆಹಾಕುವುದು, ಡಿಶ್‌ವಾಷರ್‌ಗೆ ಹಾಕುವುದು ಮಾತ್ರ ಬೇಡ. ಟೊಮೇಟೊ, ನಿಂಬೆಯಂಥ ಹುಳಿಯನ್ನು ಹೊತ್ತುಗಟ್ಟಲೆ ಕುದಿಸುವುದೂ ಬೇಡ. ಪದರ ಏಳುತ್ತದೆ, ಅಡುಗೆಗೆ ಲೋಹದ ರುಚಿ ಬರುತ್ತದೆ. ಕಬ್ಬಿಣದ ಬಾಣಲೆಯಿಂದ ಆಹಾರಕ್ಕೆ ಕಬ್ಬಿಣದಂಶ ಸೇರುವುದು ನಿಜ, ಹುಳಿ ಇದ್ದರೆ ಇನ್ನೂ ಜಾಸ್ತಿ. ರಕ್ತಹೀನತೆ ಇರುವವರಿಗೆ ಅದು ಒಳ್ಳೆಯದೇ. ಮೈಯಲ್ಲಿ ಕಬ್ಬಿಣ ಅತಿಯಾಗಿ ಸೇರುವ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಸ್ಟೀಲ್

ಇದರ ಕೆಲಸ ಬೇಗ ಮುಗಿಯಿತು. ಒಳಗಿನ ನೀಲಿ ಹಳದಿ ಬಣ್ಣ ಕೊಳೆಯಲ್ಲ. ಸ್ಟೀಲ್‌ನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳು ಆಕ್ಸೈಡ್ ಆಗಿ ಕೂತು ತುಕ್ಕು ತಡೆಯುತ್ತದೆ. ಅತಿ ಬಿಸಿಗೆ ಆ ಪದರ ದಪ್ಪವಾಗಿ ಹೀಗೆ ಬಣ್ಣ ಕಾಣುತ್ತದೆ. ವಿನೆಗರ್ ಹಾಕಿ ಒರೆಸಿದೆ, ಹೋಯಿತು. ನೀರಿನ ಸುಣ್ಣದ ಬಿಳಿ ಕಲೆಯೂ ಅದರಲ್ಲೇ ಹೋಗುತ್ತದೆ. ಹೊರಗಡೆಯ ಸುಟ್ಟ ಜಿಡ್ಡಿಗೆ ಆಕ್ಸಾಲಿಕ್ ಆಮ್ಲ ಇರುವ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಒಂದು ನಿಮಿಷ ಬಿಟ್ಟು ಉಜ್ಜಿದೆ. ಕೈಗವಸು ಬೇಕೇ ಬೇಕು, ಬ್ಲೀಚ್ ಜೊತೆ ಬೆರೆಸಬಾರದು. ತಳದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು ಮಾತ್ರ ಉಳಿದವು. ತಣ್ಣೀರಿಗೆ ಉಪ್ಪು ಹಾಕಿದಾಗ ಹರಳುಗಳು ತಳದಲ್ಲಿ ಕೂತು ಹೀಗೆ ಕೊರೆಯುತ್ತವೆ. ಕುದಿ ಬಂದ ಮೇಲೆ ಉಪ್ಪು ಹಾಕಿದರೆ ಇದು ಆಗುವುದಿಲ್ಲ. ಗುಳಿಗಳಿಂದ ಅಡುಗೆಗೆ ತೊಂದರೆಯಿಲ್ಲ.

ಸ್ಟೀಲ್‌ಗೆ ಅಂಟುತ್ತದೆ ಅಂತ ದೂರುವವರು ಬಹುತೇಕ ತಣ್ಣನೆ ಬಾಣಲೆಗೆ ಆಹಾರ ಹಾಕುತ್ತಿರುತ್ತಾರೆ. ಖಾಲಿ ಬಾಣಲೆ ಕಾಯಿಸಿ ಒಂದು ಹನಿ ನೀರು ಬಿಡಿ. ಚುಂಯ್ ಎಂದು ಆರಿಹೋದರೆ ಇನ್ನೂ ಕಾಯಬೇಕು. ಹನಿ ಪಾದರಸದ ಗುಂಡಿನಂತೆ ಉರುಳಾಡಿದರೆ ಸುಮಾರು 200 ಡಿಗ್ರಿ ಬಂದಿದೆ. ಹನಿಯ ಅಡಿಯಲ್ಲಿ ಆವಿಯ ಹಾಸು ಆಗುವುದರಿಂದ ಅದು ಲೋಹಕ್ಕೆ ತಾಗುವುದೇ ಇಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರವಾಗಿ ಬರೆದರು, ಅವರ ಹೆಸರಿನಿಂದಲೇ ಕರೆಯುತ್ತಾರೆ. ಮಾಂಸ, ಆಲೂಗಡ್ಡೆ ಹುರಿಯಲು ಈ ಬಿಸಿ ಸರಿ. ಮೊಟ್ಟೆಗೆ ಜಾಸ್ತಿ. ಉರಿ ಇಳಿಸಿ, ಸ್ವಲ್ಪ ಆರಲು ಬಿಟ್ಟು, ಎಣ್ಣೆ ಹಾಕಿ ಆಮೇಲೆ ಮೊಟ್ಟೆ. ಇದೇ ಪರೀಕ್ಷೆಯನ್ನು ನಾನ್‌ಸ್ಟಿಕ್ ಮೇಲೆ ಮಾಡಬೇಡಿ, ಖಾಲಿ ಕಾಯಿಸುವುದು ಅದಕ್ಕೆ ಆಗದು.

ಥರ್ಮಾಮೀಟರ್ ಬಗ್ಗೆ ಒಂದು ಎಚ್ಚರಿಕೆ. ಹೊಳೆಯುವ ಬರೀ ಸ್ಟೀಲ್ ಮೇಲೆ ಇನ್‌ಫ್ರಾರೆಡ್ ಮಾಪಕ ನಿಜಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ಎಣ್ಣೆಯ ತೆಳು ಪದರ ಇದ್ದಲ್ಲಿ ಅಳೆದರೆ ಸತ್ಯಕ್ಕೆ ಹತ್ತಿರ ಬರುತ್ತದೆ.

ಯಾವುದಕ್ಕೆ ಯಾವುದು

ಜೋರು ಉರಿಯಲ್ಲಿ ಹುರಿಯುವುದು, ಕೆಂಪಗೆ ಸುಡುವುದು ಎಲ್ಲ ಇನ್ನು ಬೀಡು ಕಬ್ಬಿಣಕ್ಕೆ. ಹುಳಿ ಇರುವುದು, ಗ್ರೇವಿ, ಕುದಿಸುವುದು ಸ್ಟೀಲ್‌ಗೆ. ಸಣ್ಣ ಉರಿಯ ಮೊಟ್ಟೆ, ಎಳೆ ಮೀನು ಇಷ್ಟಕ್ಕೆ ಒಂದು ನಾನ್‌ಸ್ಟಿಕ್ ಇರಲಿ ಅಂತ ನನ್ನ ಅಭಿಪ್ರಾಯ. ಅದನ್ನು ಪೂರ್ತಿ ಓಡಿಸಬೇಕು ಅನ್ನುವ ಹಟ ನನಗಿಲ್ಲ. ಮೊಣಕೈ ನೋವಿರುವವರಿಗೆ, ಭಾರ ಎತ್ತಲಾಗದವರಿಗೆ ಹಗುರ ಬಾಣಲೆಯೇ ಸರಿ. ಆದರೆ ಅದು ಸವೆದು ಹೋಗುವ ವಸ್ತು ಎಂದು ತಿಳಿದೇ ತರಬೇಕು. ಚಿಕ್ಕದು, ದಪ್ಪ ತಳದ್ದು, ಮರದ ಅಥವಾ ಸಿಲಿಕೋನ್ ಸಟ್ಟುಗ, ಎಂದೂ ದೊಡ್ಡ ಉರಿ ಬೇಡ.

ಸೆರಾಮಿಕ್ ಎಂದು ಮಾರುವ ಬಿಳಿ ಬಾಣಲೆಗಳಲ್ಲಿ ಪಿಟಿಎಫ್‌ಇ ಇಲ್ಲ, ಲೇಪ ಸಿಲಿಕಾ ಆಧಾರದ್ದು. ಅಂಟದ ಗುಣ ಮಾತ್ರ ಪಿಟಿಎಫ್‌ಇಗಿಂತ ಬೇಗ ಹೋಗುತ್ತದೆ, ಹೋದ ಮೇಲೆ ಅದೂ ಮನೆಯಲ್ಲಿ ರಿಪೇರಿ ಆಗದು. ಭಾರದ ಕಾರಣಕ್ಕೆ ಬೀಡು ಕಬ್ಬಿಣ ಬೇಡ ಅನ್ನುವವರಿಗೆ ಕಾರ್ಬನ್ ಸ್ಟೀಲ್ ಹೇಳುತ್ತೇನೆ. ತಗಡಿನಿಂದ ಮಾಡಿದ್ದರಿಂದ ತೆಳುವಾಗಿ, ಹಗುರವಾಗಿ ಸಿಗುತ್ತದೆ. ಪಳಗಿಸುವುದು ಮೇಲೆ ಬರೆದ ಹಾಗೆಯೇ. ಹೊಸದರ ಮೇಲೆ ತುಕ್ಕು ತಡೆಯಲು ಮೇಣ ಅಥವಾ ಎಣ್ಣೆ ಹಚ್ಚಿರುತ್ತಾರೆ, ಅದನ್ನು ಬಿಸಿನೀರು, ಸೋಪು ಹಾಕಿ ಪೂರ್ತಿ ತೆಗೆದು ಶುರುಮಾಡಬೇಕು.

ಬಾಕಿ ಕೆಲಸ ಎರಡಿವೆ. ಸ್ಟೀಲ್ ಬಾಣಲೆಯ ಹಿಡಿಯ ರಿವೆಟ್ ಸುತ್ತ ಕೂತ ಕರಿಯನ್ನು ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ಬೀಡು ಕಬ್ಬಿಣದ ಹೊರತಳಕ್ಕೆ ಇನ್ನೊಂದು ಕೈ ಎಣ್ಣೆ ಬೇಕು, ಅಲ್ಲಿ ಕಂದು ಇನ್ನೂ ಕಪ್ಪಾಗಿಲ್ಲ.